ಕೂಕುತಾದ ಸೇತುವೆ, ತಲಪಾಡಿಯ ಟೋಲು: ನೆರೆಹೊರೆ ವ್ಯಾಪಾರದ ಲೆಕ್ಕ



ಈ ಸಲದ ಪ್ರಚಲಿತ ವಿದ್ಯಮಾನ ಲೇಖನ ಶುರುವಾಗುವುದು ದಕ್ಷಿಣ ಅಮೆರಿಕದಿಂದ. ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಬೇಡಿ. ಎರಡು ಪ್ಯಾರಾ ಓದಿದ ಮೇಲೆ ತಲಪಾಡಿ, ಸಾರಡ್ಕ, ಜಾಲ್ಸೂರು ತಾವಾಗಿಯೇ ನೆನಪಿಗೆ ಬರುತ್ತವೆ.

ಕೊಲಂಬಿಯಾ ಮತ್ತು ವೆನೆಜುವೆಲಾ ನೆರೆಯ ದೇಶಗಳು. ಅವುಗಳ ನಡುವಿನ ಗಡಿ ಸುಮಾರು 2,200 ಕಿ.ಮೀ. ಉದ್ದವಿದ್ದರೂ ವ್ಯಾಪಾರದ ಮುಖ್ಯ ದಾರಿ ಒಂದೇ ಕಡೆ: ತಾಚಿರಾ ಎಂಬ ಸಣ್ಣ ನದಿಯ ಈಚೆ ಕೊಲಂಬಿಯಾದ ಕೂಕುತಾ ನಗರ, ಆಚೆ ವೆನೆಜುವೆಲಾದ ಸಾನ್ ಆಂಟೋನಿಯೊ, ನಡುವೆ ಸಿಮೋನ್ ಬೊಲಿವಾರ್ ಸೇತುವೆ. ಸೇತುವೆಯ ಉದ್ದ ಸುಮಾರು 300 ಮೀಟರ್, ಅಂದರೆ ನಡೆದರೆ ಐದು ನಿಮಿಷ. ಎರಡೂ ಕಡೆಯವರ ಭಾಷೆ ಒಂದೇ, ಹಬ್ಬ ಒಂದೇ, ಮದುವೆ ಸಂಬಂಧಗಳೂ ಆಚೀಚೆಯವೇ. ಇನ್ನೂರು ವರ್ಷಗಳ ಹಿಂದೆ ಎರಡೂ ಒಂದೇ ದೇಶವಾಗಿದ್ದವು. 1956ರ ನವೆಂಬರ್ 1ರವರೆಗೆ ನಾವೂ ಮಂಗಳೂರಿನವರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದೆವಲ್ಲ, ಹಾಗೆ.

2008ರಲ್ಲಿ ಈ ಎರಡು ದೇಶಗಳ ನಡುವಿನ ವ್ಯಾಪಾರ ಸುಮಾರು 700 ಕೋಟಿ ಡಾಲರ್ ಮುಟ್ಟಿತ್ತು. ಕೊಲಂಬಿಯಾದಿಂದ ಬಟ್ಟೆ, ಮಾಂಸ, ಹಾಲು, ವಾಹನ, ಔಷಧ ಹೋಗುತ್ತಿತ್ತು. ಆಚೆಯಿಂದ ಬರುವುದರಲ್ಲಿ ಅಗ್ಗದ ಪೆಟ್ರೋಲಿನ ಪಾಲು ದೊಡ್ಡದು, ಅದರಲ್ಲಿ ಬಹುಪಾಲು ಲೆಕ್ಕಕ್ಕೆ ಸಿಗದ್ದು. ವೆನೆಜುವೆಲಾದಲ್ಲಿ ಸರಕಾರ ಪೆಟ್ರೋಲನ್ನು ಹೆಚ್ಚುಕಡಿಮೆ ಧರ್ಮಕ್ಕೆ ಕೊಡುತ್ತಿತ್ತು. ಕೂಕುತಾದ ರಸ್ತೆ ಬದಿಯಲ್ಲಿ ಕ್ಯಾನುಗಳಲ್ಲಿ ಅದನ್ನು ಮಾರಿ ಬದುಕುವವರಿಗೆ ‘ಪಿಂಪಿನೇರೊ’ ಎಂಬ ಹೆಸರೇ ಇತ್ತು.

ಆಮೇಲೆ ರಾಜಕೀಯ ನಡುವೆ ಬಂತು. 2009ರಲ್ಲಿ ಅಧ್ಯಕ್ಷ ಚಾವೆಜ್ ಕೊಲಂಬಿಯಾದೊಡನೆ ಸಂಬಂಧ ತಡೆಹಿಡಿದರು, ವ್ಯಾಪಾರ ಕುಸಿಯಿತು. 2015ರ ಆಗಸ್ಟಿನಲ್ಲಿ ಅಧ್ಯಕ್ಷ ಮದುರೊ ಸೇತುವೆಯನ್ನೇ ಮುಚ್ಚಿಸಿದರು. ಕಳ್ಳಸಾಗಣೆ ತಡೆಯಲು ಎಂಬುದು ಕೊಟ್ಟ ಕಾರಣ. ಒಂದು ವರ್ಷದ ನಂತರ ನಡೆದು ದಾಟುವವರನ್ನು ಬಿಟ್ಟರು, ಲಾರಿಗಳನ್ನು ಬಿಡಲಿಲ್ಲ. 2019ರಲ್ಲಿ ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ಕಡಿದುಹೋಯಿತು. ಪಕ್ಕದಲ್ಲಿ ಹೊಸದಾಗಿ ಕಟ್ಟಿ ಇನ್ನೂ ಉದ್ಘಾಟನೆಯನ್ನೇ ಕಾಣದ ತಿಯೆಂದಿತಾಸ್ ಸೇತುವೆಗೆ ಕಂಟೇನರುಗಳನ್ನು ಅಡ್ಡ ಇಟ್ಟ ಚಿತ್ರ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಲಾರಿಗಳಿಗೆ ಮತ್ತೆ ದಾರಿ ತೆರೆದದ್ದು 2022ರ ಸೆಪ್ಟೆಂಬರ್ 26ರಂದು, ಕೊಲಂಬಿಯಾದಲ್ಲಿ ಪೆಟ್ರೊ ಅಧ್ಯಕ್ಷರಾದ ಮೇಲೆ. ಅಂದರೆ ಏಳು ವರ್ಷ.

ನಮ್ಮ ಗಮನಕ್ಕೆ ಬರಬೇಕಾದದ್ದು ದಾರಿ ತೆರೆದ ಮೇಲಿನ ಕಥೆ. ಸೇತುವೆ ತೆರೆದರೂ ಹಳೆಯ ವ್ಯಾಪಾರ ಹಿಂದಿರುಗಲಿಲ್ಲ. ವರ್ಷಕ್ಕೆ ನೂರು ಕೋಟಿ ಡಾಲರ್ ಆಸುಪಾಸಿಗೆ ಬರುವುದಕ್ಕೇ ಎರಡು ವರ್ಷ ಬೇಕಾಯಿತು, 700 ಕೋಟಿಯ ಮಾತು ಹಾಗಿರಲಿ. ಏಳು ವರ್ಷದಲ್ಲಿ ಕೊಳ್ಳುವವನು ಬೇರೆ ಅಂಗಡಿ ನೋಡಿಕೊಂಡಿದ್ದ, ಮಾರುವವನು ಬಾಗಿಲು ಹಾಕಿದ್ದ, ಲಾರಿಯವನು ಲಾರಿ ಮಾರಿದ್ದ. ವೆನೆಜುವೆಲಾದ ಜನರ ಕೈಯಲ್ಲಿ ಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಇನ್ನು ಕಳ್ಳಸಾಗಣೆ ನಿಂತಿತೇ ಎಂದರೆ ಅದೂ ಇಲ್ಲ. ಸೇತುವೆಯ ಕೆಳಗೆ ನದಿಯಲ್ಲಿ ಹಾದುಹೋಗುವ ಕಾಲುದಾರಿಗಳಿಗೆ ಅಲ್ಲಿ ‘ತ್ರೋಚಾ’ ಎನ್ನುತ್ತಾರೆ. ಆ ದಾರಿಗಳು ಬಂದೂಕು ಹಿಡಿದ ಗುಂಪುಗಳ ಕೈಗೆ ಹೋದವು. ಸರಕಾರದ ಸುಂಕ ತಪ್ಪಿತು, ಗೂಂಡಾಗಳ ಸುಂಕ ಶುರುವಾಯಿತು.

ಇನ್ನು ನಮ್ಮ ಗಡಿಗೆ ಬರೋಣ. ನಮ್ಮದು ಎರಡು ದೇಶಗಳ ಗಡಿಯಲ್ಲ, ಒಂದೇ ದೇಶದ ಎರಡು ರಾಜ್ಯಗಳದ್ದು. ಭಾರತದೊಳಗೆ ವ್ಯಾಪಾರ, ವಾಣಿಜ್ಯ, ಸಂಚಾರ ಮುಕ್ತವಾಗಿರಬೇಕು ಎಂದು ಸಂವಿಧಾನದ 301ನೇ ವಿಧಿ ಹೇಳುತ್ತದೆ. ಹಾಗೆಂದು ಗಡಿ ಇಲ್ಲ ಎಂದಲ್ಲ. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯ ಕಾಯಿದೆ ಬಂದ ವರ್ಷವೇ ಕೇಂದ್ರ ಮಾರಾಟ ತೆರಿಗೆ ಕಾಯಿದೆಯೂ ಬಂತು. ಒಂದು ಕಾಯಿದೆ ಗೆರೆ ಎಳೆಯಿತು, ಮತ್ತೊಂದು ಆ ಗೆರೆ ದಾಟುವ ಸಾಮಾನಿಗೆ ತೆರಿಗೆ ಹಾಕಿತು. ಕಾಸರಗೋಡಿನ ಅಂಗಡಿಯವನು ಅಜ್ಜನ ಕಾಲದಿಂದ ಮಂಗಳೂರು ಬಂದರಿನ ರಖಂ ಮಳಿಗೆಯಿಂದ ಜೀನಸು ತರುತ್ತಿದ್ದವನು, ಒಂದು ಬೆಳಗ್ಗೆ ಎದ್ದು ನೋಡಿದಾಗ ‘ಅಂತರರಾಜ್ಯ ವ್ಯಾಪಾರಿ’ ಆಗಿದ್ದ.

ಸಿ ಫಾರಂ ಎಂದರೆ ಏನೆಂದು ಈಗಿನ ಹುಡುಗರಿಗೆ ಗೊತ್ತಿಲ್ಲ. ಹೊರರಾಜ್ಯದಿಂದ ಕೊಂಡ ವ್ಯಾಪಾರಿ ತನ್ನ ತೆರಿಗೆ ಕಚೇರಿಯಿಂದ ಆ ಫಾರಂ ಪಡೆದು, ಮಾರಿದವನಿಗೆ ಕಳಿಸಿದರೆ ಮಾತ್ರ ಕಡಿಮೆ ದರದ ತೆರಿಗೆ. ಅದು 4 ಶೇಕಡ ಇದ್ದದ್ದು 2007ರಲ್ಲಿ 3ಕ್ಕೆ, 2008ರಲ್ಲಿ 2ಕ್ಕೆ ಇಳಿಯಿತು. ಫಾರಂ ಬಾರದಿದ್ದರೆ ಮಾರಿದವನು ಪೂರ್ತಿ ತೆರಿಗೆ ಕಟ್ಟಬೇಕು. ಆ ಒಂದು ಕಾಗದಕ್ಕಾಗಿ ಎಷ್ಟು ಹಳೆಯ ಸ್ನೇಹಗಳು ಕೆಟ್ಟವು ಎಂಬುದನ್ನು ನನ್ನಂತಹ ಗುಮಾಸ್ತರನ್ನು ಕೇಳಬೇಕು. ಜತೆಗೆ ಮಂಜೇಶ್ವರದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆ ತಪಾಸಣೆ ನಿಂತಿತು. ಜಿಎಸ್‌ಟಿಯನ್ನು ಬೈಯುವವರು ಬಹಳ ಮಂದಿ, ಕೆಲವು ವಿಷಯಕ್ಕೆ ನಾನೂ ಬೈಯುತ್ತೇನೆ. ಆದರೆ ಗಡಿನಾಡಿಗೆ ಅದರಿಂದ ಆದ ಉಪಕಾರವನ್ನು ಯಾರೂ ಹೇಳುವುದಿಲ್ಲ. 1956ರ ಗೆರೆಯನ್ನು ವ್ಯಾಪಾರದ ಮಟ್ಟಿಗೆ ಅರ್ಧ ಅಳಿಸಿದ್ದು ಅದೇ. 2018ರ ಏಪ್ರಿಲಿನಿಂದ 50 ಸಾವಿರಕ್ಕಿಂತ ಹೆಚ್ಚಿನ ಬೆಲೆಯ ಸರಕಿಗೆ ಇ-ವೇ ಬಿಲ್ಲು ಬೇಕು, ನಿಜ. ಅದನ್ನು ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ತೆಗೆಯಬಹುದು, ರಾತ್ರಿಯಿಡೀ ಲಾರಿಯಲ್ಲಿ ಮಲಗಬೇಕಾಗಿಲ್ಲ.

ಅರ್ಧ ಎಂದೆ. ಉಳಿದ ಅರ್ಧದಲ್ಲಿ ಮೊದಲನೆಯದು ಪೆಟ್ರೋಲು. ಪೆಟ್ರೋಲು, ಡೀಸೆಲು, ಮದ್ಯ ಇವು ಜಿಎಸ್‌ಟಿಯ ಹೊರಗಿವೆ, ಆಯಾ ರಾಜ್ಯ ತನಗೆ ಬೇಕಾದಷ್ಟು ತೆರಿಗೆ ಹಾಕುತ್ತದೆ. 2021ರ ನವೆಂಬರಿನಲ್ಲಿ ಕರ್ನಾಟಕ ಲೀಟರಿಗೆ 7 ರೂಪಾಯಿ ಇಳಿಸಿದಾಗ ಕೇರಳ ತನ್ನ ತೆರಿಗೆ ದರ ಇಳಿಸಲಿಲ್ಲ. 2023ರ ಏಪ್ರಿಲಿನಲ್ಲಿ ಕೇರಳ ಸಾಮಾಜಿಕ ಭದ್ರತೆಯ ಹೆಸರಲ್ಲಿ ಲೀಟರಿಗೆ 2 ರೂಪಾಯಿ ಸೆಸ್ಸು ಸೇರಿಸಿತು. 2024ರ ಜೂನಿನಲ್ಲಿ ಕರ್ನಾಟಕವೂ ತೆರಿಗೆ ಏರಿಸಿದ್ದರಿಂದ ಅಂತರ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಹಾಗಾಗಿ ಮಂಜೇಶ್ವರದವರು ಟ್ಯಾಂಕು ತುಂಬಿಸಲು ತಲಪಾಡಿಗೆ ಹೋಗುತ್ತಾರೆ. ನಮ್ಮಲ್ಲಿ ಪಿಂಪಿನೇರೊ ಇಲ್ಲ, ಬಂಕಿನಲ್ಲಿ ಸಾಲು ನಿಲ್ಲುವವರು ಇದ್ದಾರೆ. ಅತ್ತ ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ, ಇತ್ತ ಕೇರಳ 1967ರಿಂದ ಸರಕಾರವೇ ಲಾಟರಿ ನಡೆಸುತ್ತಿದೆ. ಪೆಟ್ರೋಲಿಗೆ ಉತ್ತರಕ್ಕೆ ಹೋಗುವವರೂ ಟಿಕೇಟಿಗೆ ದಕ್ಷಿಣಕ್ಕೆ ಬರುವವರೂ ಗಡಿಯಲ್ಲಿ ಎದುರುಬದುರು ಆಗುತ್ತಾರೆ. 2024ರ ತಿರುವೋಣಂ ಬಂಪರಿನ 25 ಕೋಟಿ ಬಿದ್ದದ್ದು ಮಂಡ್ಯ ಜಿಲ್ಲೆಯ ಒಬ್ಬ ಮೆಕ್ಯಾನಿಕ್ಕಿಗೆ.

ನಮ್ಮ ನಿಜವಾದ ದ್ವಿಪಕ್ಷೀಯ ವ್ಯಾಪಾರ ಎಂದರೆ ಅಡಿಕೆ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಎಣ್ಮಕಜೆ, ಬದಿಯಡ್ಕ, ಕುಂಬಡಾಜೆ, ಬೆಳ್ಳೂರು, ಕಾರಡ್ಕ, ಪೈವಳಿಕೆ, ವರ್ಕಾಡಿಯ ತೋಟಗಳ ಅಡಿಕೆಗೂ ವಿಟ್ಲ, ಪುತ್ತೂರು, ಸುಳ್ಯದ ಅಡಿಕೆಗೂ ಮಣ್ಣಿನಲ್ಲಿ ವ್ಯತ್ಯಾಸವಿಲ್ಲ, ಮಳೆಯಲ್ಲಿಲ್ಲ, ಕೊಳೆರೋಗದಲ್ಲಂತೂ ಇಲ್ಲವೇ ಇಲ್ಲ. ಎರಡೂ ಕಡೆ ಒಣಗಿಸಿ ಸುಲಿದ ಚಾಲಿ. ಪಟೋರ, ಉಳ್ಳಿಗಡ್ಡೆ, ಕೋಕ ಎಂಬ ವಿಂಗಡಣೆಯೂ ಒಂದೇ. ಆದರೆ ಕರ್ನಾಟಕದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಇದೆ, ಪುತ್ತೂರಿನಲ್ಲೂ ಮಂಗಳೂರಿನಲ್ಲೂ ಎಪಿಎಂಸಿ ಇದೆ. ಕೇರಳದಲ್ಲಿ ಆ ಕಾಯಿದೆಯೇ ಇಲ್ಲ, ಎಂದೂ ಇರಲಿಲ್ಲ. ತೆಂಗು, ರಬ್ಬರು, ಏಲಕ್ಕಿಗೆ ಬೇರೆ ಬೇರೆ ಮಂಡಳಿಗಳಿವೆ ಎಂಬುದು ಅವರ ಸಮಾಧಾನ. ಅಡಿಕೆಗೆ ಅಂತಹ ಮಂಡಳಿ ಇಲ್ಲ. ತಿರುವನಂತಪುರದಿಂದ ನೋಡಿದರೆ ಅಡಿಕೆ ಒಂದು ಮೂಲೆಯ ಬೆಳೆ, ಅದೂ 580 ಕಿ.ಮೀ. ದೂರದ ಮೂಲೆ. ನಮ್ಮಿಂದ ಮಂಗಳೂರಿಗೆ 50 ಕಿ.ಮೀ.

ಈ ಕೊರತೆಗೆ ನಮ್ಮ ಹಿರಿಯರೇ ಒಂದು ಉತ್ತರ ಕಂಡುಕೊಂಡರು. 1970ರ ಆಚೀಚೆ ಅಡಿಕೆ ಧಾರಣೆ ನೆಲಕಚ್ಚಿದಾಗ ಎರಡೂ ಕಡೆಯ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ವಾರಣಾಸಿ ಸುಬ್ರಾಯ ಭಟ್ಟರು ಸ್ಥಾಪಕಾಧ್ಯಕ್ಷರು, ಕೇಂದ್ರ ಕಚೇರಿ ಮಂಗಳೂರು. ಕರ್ನಾಟಕ ಮತ್ತು ಕೇರಳ ಎರಡೂ ಸರಕಾರಗಳ ಬೆಂಬಲದ ಜಂಟಿ ಸಹಕಾರಿ ಸಂಸ್ಥೆ ಅದು. ಕೊಕ್ಕೊ ಖರೀದಿಸುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದನ್ನೂ ಕೈಗೆತ್ತಿಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು. ಮುಳ್ಳೇರಿಯದ ತೋಟದ ಕೊಕ್ಕೊ ಪುತ್ತೂರಿನಲ್ಲಿ ಚಾಕಲೇಟಾಗಿ ಕಾಸರಗೋಡಿನ ಬೇಕರಿಗೆ ಹಿಂದೆ ಬರುತ್ತದೆ. ದಕ್ಷಿಣ ಅಮೆರಿಕದವರು ವ್ಯಾಪಾರ ಒಪ್ಪಂದಕ್ಕಾಗಿ ಎಷ್ಟು ಶೃಂಗಸಭೆ ನಡೆಸಿದರು, ಎಷ್ಟು ಕೂಟ ಕಟ್ಟಿ ಬಿಟ್ಟರು! ವೆನೆಜುವೆಲಾ 2006ರಲ್ಲಿ ಆಂಡಿಯನ್ ಸಮುದಾಯವನ್ನೇ ಬಿಡುವುದಾಗಿ ಹೇಳಿತು. ನಮ್ಮ ಒಪ್ಪಂದ ಐವತ್ತು ವರ್ಷ ದಾಟಿಯೂ ನಿಂತಿರುವುದು ಅದು ಸರಕಾರಗಳ ನಡುವೆ ಅಲ್ಲ, ತೋಟದವರ ನಡುವೆ ಆದ್ದರಿಂದ ಎಂದು ನನ್ನ ಎಣಿಕೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಉದಾಹರಣೆಯೂ ಇದೆ, ಅದು ಬೀಡಿಯದ್ದು. ಮಂಗಳೂರಿನ ಗಣೇಶ್ ಬೀಡಿ, ಭಾರತ್ ಬೀಡಿಯವರು ಕಣ್ಣೂರು ಭಾಗದಲ್ಲಿ ಸಾವಿರಾರು ಜನರಿಂದ ಬೀಡಿ ಕಟ್ಟಿಸುತ್ತಿದ್ದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಕೇರಳ ಸರಕಾರ ಗಟ್ಟಿಯಾಗಿ ಜಾರಿಗೊಳಿಸಲು ಹೊರಟಾಗ, 1968ರಲ್ಲಿ ಆ ಕಂಪೆನಿಗಳು ಅಲ್ಲಿನ ಶಾಖೆಗಳನ್ನು ಮುಚ್ಚಿದವು. ಸುಮಾರು 12 ಸಾವಿರ ಕಾರ್ಮಿಕರು ಬೀದಿಗೆ ಬಿದ್ದರು. 1969ರಲ್ಲಿ ಅವರೇ ಸೇರಿ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದ್ದು ದೊಡ್ಡ ಸಾಹಸದ ಕಥೆ. ಆದರೆ ನಮ್ಮ ಲೇಖನಕ್ಕೆ ಬೇಕಾದ ಮಾತು ಬೇರೆ: ಕೇಂದ್ರದ ಕಾಯಿದೆ ಒಂದೇ, ಜಾರಿಗೊಳಿಸುವ ರಾಜ್ಯ ಎರಡು. ಗಡಿಯ ಆಚೀಚೆ ಜಾರಿಯ ಬಿಗಿ ಬೇರೆಯಾದರೆ ಕೆಲಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುತ್ತದೆ. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು, ಮರಳು ಸಿಗದೆ ಮನೆ ಕಟ್ಟುವ ಕೆಲಸ ನಿಂತಾಗ ಇದೇ ಆಯಿತು. ಆಚೆಯ ಮೇಸ್ತ್ರಿಗಳು ಈಚೆಯ ಕಲ್ಲಿನ ದರ ವಿಚಾರಿಸತೊಡಗಿದರು. ಮೀನಿನದ್ದೂ ಹಾಗೆಯೇ. ಯಾಂತ್ರಿಕ ದೋಣಿಗಳಿಗೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ ರಜೆ, ಕೇರಳದಲ್ಲಿ ಟ್ರಾಲರುಗಳಿಗೆ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ. ಬಂಗುಡೆಗೆ ಮಾತ್ರ ಯಾವ ರಾಜ್ಯದ ಸಮುದ್ರದಲ್ಲಿ ಈಜುತ್ತಿದ್ದೇನೆಂದು ಗೊತ್ತಿರುವುದಿಲ್ಲ.

ಅಡಿಕೆಯ ವಿಷಯದಲ್ಲಿ ಇನ್ನೊಂದು ಮಾತು. ನಾವು ಮತ್ತು ಪುತ್ತೂರಿನವರು ಎದುರಾಳಿಗಳಲ್ಲ. ನಮ್ಮಿಬ್ಬರ ಎದುರಾಳಿ ಹೊರಗಿನಿಂದ ಅಗ್ಗದಲ್ಲಿ ಬರುವ ಅಡಿಕೆ. ಕೇಂದ್ರ ಸರಕಾರ 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದಕ್ಕೆ ಕೆಲವೇ ತಿಂಗಳ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ನಿಬಂಧನೆ ಇಲ್ಲದೆ ತರಲು ಅನುಮತಿ ಕೊಟ್ಟಿತ್ತು. ನೆರೆದೇಶದೊಡನೆ ಸ್ನೇಹ ಬೇಕು, ಒಪ್ಪೋಣ. ಆ ಸ್ನೇಹದ ಖರ್ಚು ಪೆರ್ಲ ಮತ್ತು ವಿಟ್ಲದ ಬೆಳೆಗಾರನ ಖಾತೆಗೆ ಬೀಳುತ್ತದೆ ಎಂದು ಹೇಳುವಾಗ ಎರಡು ರಾಜ್ಯದ ಸಂಸದರು ಒಂದೇ ದನಿಯಲ್ಲಿ ಹೇಳಬೇಕಾಗುತ್ತದೆ. ಅದು ಆಗುವುದು ಅಪರೂಪ.

ಈಗ 2020. ನೆನಪಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ, ಆದರೆ ಬಿಡುವಂತೆಯೂ ಇಲ್ಲ. ಮಾರ್ಚ್ ಕೊನೆಯ ವಾರ ಕರ್ನಾಟಕದ ಆಡಳಿತ ಗಡಿ ರಸ್ತೆಗಳಿಗೆ ಮಣ್ಣು ಸುರಿಸಿತು. ಸೋಂಕು ಕಾಸರಗೋಡಿನಲ್ಲಿ ಹೆಚ್ಚಿತ್ತು, ಭಯವೂ ನಿಜವೇ. ಆದರೆ ದೇರಳಕಟ್ಟೆಯ, ಮಂಗಳೂರಿನ ಆಸ್ಪತ್ರೆಗಳೇ ಗತಿಯಾಗಿದ್ದ ರೋಗಿಗಳು ಗಡಿಯಲ್ಲಿ ತಡೆದು ನಿಂತರು, ಹಲವರು ಜೀವ ಕಳೆದುಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸಲು ಕೇಂದ್ರಕ್ಕೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಒಂದು ಕ್ರಮಕ್ಕೆ ಒಪ್ಪಿಗೆ ಆಯಿತು. ಮುಂದಿನ ವರ್ಷ ಫೆಬ್ರವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ಆರ್‌ಟಿಪಿಸಿಆರ್ ಕಾಗದದ ಕಾಟ. ಕಾಡುದಾರಿ, ತೋಟದ ದಾರಿ ಹಿಡಿದು ಮಗಳ ಮನೆಗೆ ಹೋದವರು ನಮ್ಮ ಸದಸ್ಯರಲ್ಲೇ ಇದ್ದಾರೆ. ತ್ರೋಚಾ ಎಂದರೆ ಅದೇ.

ಕೂಕುತಾದಲ್ಲಿ ಏಳು ವರ್ಷ, ನಮ್ಮಲ್ಲಿ ಕೆಲವು ತಿಂಗಳು, ಹಾಗಾಗಿ ಹೋಲಿಕೆ ಸರಿಯಲ್ಲ ಎನ್ನಬಹುದು. ಪ್ರಮಾಣದಲ್ಲಿ ಸರಿಯಲ್ಲ, ನಿಜ. ಆದರೆ ಪರಿಣಾಮದ ರೀತಿ ಒಂದೇ. ಆ ತಿಂಗಳುಗಳಲ್ಲಿ ಮಂಗಳೂರಿನಿಂದ ತರಿಸುವುದನ್ನು ಬಿಟ್ಟು ಕಣ್ಣೂರು, ಕೋಝಿಕ್ಕೋಡಿನಿಂದ ತರಿಸಲು ಶುರುಮಾಡಿದ ಅಂಗಡಿಗಳಲ್ಲಿ ಎಲ್ಲವೂ ಹಿಂದಿರುಗಿಲ್ಲ. ಮಂಗಳೂರಿನಲ್ಲಿ ಕಾಲೇಜು ಕಲಿಸುವ ಮೊದಲು ಈಗ ತಂದೆತಾಯಿ ಒಮ್ಮೆ ಯೋಚಿಸುತ್ತಾರೆ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಗಿ, 2022ರಲ್ಲಿ ಹೊರರೋಗಿ ವಿಭಾಗ ಶುರುವಾಗಿ, 2025ರಲ್ಲಿ 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದೆ. 2020 ಆಗದಿದ್ದರೆ ಅದಕ್ಕಾಗಿ ಇಷ್ಟು ಗಟ್ಟಿಯಾಗಿ ಕೂಗು ಏಳುತ್ತಿತ್ತೇ ಎಂಬುದು ನನ್ನ ಸಂಶಯ. ಅದು ಒಳ್ಳೆಯದೇ ಆಯಿತು. ಜಿಲ್ಲೆಯಲ್ಲಿ ಆಸ್ಪತ್ರೆ ಬೇಕು, ಆಚೆಗೆ ದಾರಿಯೂ ಬೇಕು.

ಈಗಿನ ಜಗಳ ಟೋಲಿನದ್ದು. ಹೊಸ ಹೆದ್ದಾರಿ 66ರ ತಲಪಾಡಿ–ಚೆಂಗಳ ಭಾಗ ಆರು ಪಥವಾಗಿ ಕಣ್ಣಿಗೆ ಹಬ್ಬವಾಗಿದೆ, ಹಿಂದೆ ಹೊಂಡ ಎಣಿಸುತ್ತಾ ಹೋದವರಿಗೆ ಗೊತ್ತು. ತಲಪಾಡಿಯಲ್ಲಿ ಟೋಲು ಮೊದಲೇ ಇತ್ತು. ಅಲ್ಲಿಂದ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲೇ ಕುಂಬಳೆಯ ಆರಿಕ್ಕಾಡಿಯಲ್ಲಿ ಇನ್ನೊಂದು ಟೋಲು ತಲೆಯೆತ್ತಿದಾಗ ಜನ ಬೀದಿಗಿಳಿದರು, ಹೈಕೋರ್ಟಿಗೂ ಹೋದರು. 2008ರ ಹೆದ್ದಾರಿ ಶುಲ್ಕ ನಿಯಮದ ಪ್ರಕಾರ ಒಂದು ಟೋಲಿನಿಂದ ಇನ್ನೊಂದಕ್ಕೆ 60 ಕಿ.ಮೀ. ಇರಬೇಕು. ಕಾರಣ ಬರೆದಿಟ್ಟು ಅದಕ್ಕಿಂತ ಹತ್ತಿರದಲ್ಲೂ ಹಾಕಲು ಅದೇ ನಿಯಮದಲ್ಲಿ ಒಂದು ಕಿಂಡಿ ಇದೆ. ಮುಂದಿನ ಭಾಗದ ಕೆಲಸ ಮುಗಿಯುವವರೆಗೆ ಇದು ತಾತ್ಕಾಲಿಕ ಎಂಬುದು ಪ್ರಾಧಿಕಾರದ ವಾದ. ಸರಕಾರಿ ಭಾಷೆಯಲ್ಲಿ ತಾತ್ಕಾಲಿಕ ಎಂಬ ಪದಕ್ಕೆ ಎಷ್ಟು ಆಯಸ್ಸು ಎಂದು ತಾತ್ಕಾಲಿಕ ನೌಕರರನ್ನು ಕೇಳಿದರೆ ತಿಳಿದೀತು.

ಇದನ್ನು ಬರೇ ಕಾರಿನವರ ಸಮಸ್ಯೆ ಎಂದು ತಿಳಿಯಬೇಡಿ. ಕಾಸರಗೋಡಿನಿಂದ ಮಂಗಳೂರಿಗೆ ಮೀನಿನ, ತರಕಾರಿಯ, ಅಡಿಕೆಯ ಪಿಕಪ್ಪು ಹೋಗಿ ಬರುವಾಗ 50 ಕಿ.ಮೀ. ದಾರಿಯಲ್ಲಿ ಎರಡು ಕಡೆ ತೆರಬೇಕು. 2017ರಲ್ಲಿ ಚೆಕ್‌ಪೋಸ್ಟು ಹೋಯಿತೆಂದು ನಾವು ಸಂತೋಷಪಟ್ಟೆವು. ಆಗ ತಡೆಯುತ್ತಿದ್ದದ್ದು ಕಾಗದ, ಈಗ ಫಾಸ್ಟ್ಯಾಗು. ದೂರದ ಮುಂಬಯಿ ಲಾರಿಗೆ ಇದು ಲೆಕ್ಕಕ್ಕಿಲ್ಲ, ಸಾವಿರಾರು ರೂಪಾಯಿ ಬಾಡಿಗೆಯಲ್ಲಿ ಕರಗಿಹೋಗುತ್ತದೆ. ದಿನಾ ಹೋಗಿಬರುವ ಗಡಿಯ ವ್ಯಾಪಾರಿಗೆ ಮಾತ್ರ ತಿಂಗಳ ಕೊನೆಗೆ ಲೆಕ್ಕ ಕಾಣುತ್ತದೆ. ಟೋಲಿನ 20 ಕಿ.ಮೀ. ಒಳಗಿನ ಖಾಸಗಿ ವಾಹನಗಳಿಗೆ ತಿಂಗಳ ಪಾಸು ಸಿಗುತ್ತದೆ, ಬಾಡಿಗೆ ಪಿಕಪ್ಪಿಗೆ ಆ ಅನುಕೂಲ ಇಲ್ಲ. ನಮ್ಮ ಬೇಡಿಕೆ ಇರಬೇಕಾದ ಜಾಗ ಅದು ಎಂದು ನನಗನಿಸುತ್ತದೆ. ‘ಟೋಲು ತೆಗೆಯಿರಿ’ ಎಂಬ ಘೋಷಣೆ ಸುಲಭ. ‘ಗಡಿ ತಾಲೂಕುಗಳ ಸಣ್ಣ ಸರಕು ವಾಹನಗಳಿಗೂ ಪಾಸು ಕೊಡಿ’ ಎಂಬ ಅರ್ಜಿ ಬರೆಯುವುದು ಸ್ವಲ್ಪ ಕಷ್ಟ, ಆದರೆ ಗುರಿ ತಲುಪುವ ಸಾಧ್ಯತೆ ಹೆಚ್ಚು.

ಅರ್ಜಿಗೆ ಅಂಕಿ ಬೇಕು. ಎರಡು ದೇಶಗಳ ನಡುವಾದರೆ ಕಸ್ಟಮ್ಸಿನ ಪುಸ್ತಕ ಇರುತ್ತದೆ, ಆದ್ದರಿಂದಲೇ ಕೂಕುತಾದ ನಷ್ಟವನ್ನು ಡಾಲರಿನಲ್ಲಿ ಹೇಳಲು ಸಾಧ್ಯವಾಯಿತು. ಬಾಯಾರಿನಿಂದ ವಿಟ್ಲಕ್ಕೆ ಹೋದ ಅಡಿಕೆ ಚೀಲಕ್ಕೆ ಅಂತಹ ಪುಸ್ತಕ ಇಲ್ಲ. 2020ರಲ್ಲಿ ಗಡಿ ಮುಚ್ಚಿದಾಗ ನಮಗೆ ಎಷ್ಟು ನಷ್ಟವಾಯಿತು ಎಂದು ಯಾವ ಅಧಿಕಾರಿ ಕೇಳಿದ್ದರೂ ನಮ್ಮ ಕೈಯಲ್ಲಿ ಇದ್ದದ್ದು ಕಣ್ಣೀರು ಮಾತ್ರ, ಕಾಗದ ಇರಲಿಲ್ಲ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಒಂದು ತಿಂಗಳು ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಗಡಿ ದಾಟಿ ಏನು ಮಾರಿದಿರಿ, ಏನು ಕೊಂಡಿರಿ, ಆಸ್ಪತ್ರೆಗೆ, ಕಾಲೇಜಿಗೆ, ಬಸ್ಸಿಗೆ, ಟೋಲಿಗೆ ಎಷ್ಟು ಹೋಯಿತು, ದಿನಾಂಕ ಹಾಕಿ ಬರೆಯಿರಿ. ಹೆಸರು ಬೇಡ, ಊರಿನ ಹೆಸರು ಸಾಕು. ಅಡಿಕೆ ಮಾರಿದ ಬಿಲ್ಲಿನ ನಕಲು ಇದ್ದರೆ ಒಳ್ಳೆಯದು. ಪೆಟ್ರೋಲು ಎಲ್ಲಿ ಹಾಕಿಸಿದಿರಿ ಎಂಬುದನ್ನೂ ಬರೆಯಿರಿ, ನಾಚಿಕೆಪಡಬೇಕಾದ್ದೇನಿಲ್ಲ. ವಿಟ್ಲ, ಅಡ್ಯನಡ್ಕ, ಸುಳ್ಯ ಕಡೆಯ ಸದಸ್ಯರೂ ಬರೆಯಬೇಕು, ಯಾಕೆಂದರೆ ಒಂದೇ ಕಡೆಯ ಲೆಕ್ಕ ಅರ್ಧ ಲೆಕ್ಕ. ಮುಂದಿನ ಮಾಸಿಕ ಸಭೆಗೆ ತಂದರೆ ಕೂಡಿಸಿ ಪಟ್ಟಿ ಮಾಡುವ ಕೆಲಸ ನನ್ನದು. ಕ್ಯಾಲ್ಕ್ಯುಲೇಟರು ನನ್ನಲ್ಲಿದೆ, ರೂಳು ಹಾಕಿದ ದೊಡ್ಡ ಪುಸ್ತಕವೊಂದನ್ನು ಸಂಘದ ಖರ್ಚಿನಲ್ಲಿ ತಂದಿಟ್ಟಿದ್ದೇನೆ.

— ಕಾರ್ಯದರ್ಶಿ